ನಂಬರ್ ಹೊಂದಿದ ಮಾತ್ರಕ್ಕೆ ನಳಿಗೆ ಮೊದಲಿನದಲ್ಲ

ಮೈಸೂರು, ಮಂಡ್ಯ ಕಡೆಯ ಹಳೆಯ ಮನೆತನಗಳವರು ಬ್ರಿಟಿಷ್ ಸೈನ್ಯದ ಕಾಲದ ಲೀ-ಎನ್‌ಫೀಲ್ಡ್ ರೈಫಲ್ಲನ್ನು ನನಗೆ ತೋರಿಸಲು ಬಂದಾಗ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: “ರಿಸೀವರ್ ಮೇಲೂ ನಳಿಗೆ ಮೇಲೂ ಒಂದೇ ನಂಬರ್ ಇದೆ ಸಾರ್, ಕಾರ್ಖಾನೆಯಿಂದ ಬಂದ ಹಾಗೇ ಇದೆ.” ರಿಸೀವರ್ ಎಂದರೆ ನಳಿಗೆ ಕೂರುವ, ರೈಫಲ್ಲಿನ ಮುಖ್ಯ ಲೋಹದ ಭಾಗ. ನಂಬರಿನ ಮಾತು ನಿಜ. ಕಾರ್ಖಾನೆಯ ಮಾತಿಗೆ ಮಾತ್ರ ಅದು ಆಧಾರವಾಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸೈನ್ಯದ ಆರ್ಮರರ್, ಎಂದರೆ ಬಂದೂಕು ದುರಸ್ತಿಗಾರ, ಸವೆದ ನಳಿಗೆಯನ್ನು ಬಿಚ್ಚಿ ಹೊಸದನ್ನು ಕೂರಿಸಿದಾಗ, ರಿಸೀವರಿನ ನಂಬರನ್ನೇ ಅದರ ಮೇಲೂ ಒತ್ತುತ್ತಿದ್ದ. ಹಾಗಾಗಿ ಆ ನಂಬರ್ ಈ ನಳಿಗೆ ಯಾವ ರೈಫಲ್ಲಿಗೆ ಸೇರಿದ್ದು ಎಂದು ತಿಳಿಸುತ್ತದೆಯೇ ಹೊರತು ಯಾವಾಗ ಸೇರಿತು ಎಂದು ತಿಳಿಸುವುದಿಲ್ಲ. ಅದಕ್ಕೆ ಇಸವಿ ನೋಡಬೇಕು. ಮರದ ಹಿಂಬದಿ ಹಿಡಿ ಕೂರುವ ಲೋಹದ ಭಾಗವಾದ ಬಟ್ ಸಾಕೆಟ್ಟಿನ ಬಲಮಗ್ಗುಲಲ್ಲಿ ಕಿರೀಟ, ತಯಾರಕರ ಹೆಸರುಗಳ ಜೊತೆಗಿರುವುದು ರೈಫಲ್ಲಿನ ಇಸವಿ. ನಳಿಗೆಯ ಇಸವಿಯ ಕೊನೆಯ ಎರಡು ಅಂಕಿಗಳು ರಿಸೀವರಿಗೆ ಅಂಟಿಕೊಂಡಿರುವ ದಪ್ಪ ಬುಡದ, ಎಂದರೆ ನಾಕ್ಸ್ ಫಾರ್ಮಿನ, ಎಡಮಗ್ಗುಲಲ್ಲಿರುತ್ತವೆ. ಪೂರ್ತಿ ಓದಲು ಕೆಲವೊಮ್ಮೆ ಮರವನ್ನು ಬಿಚ್ಚಬೇಕಾಗುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕೂ ಉಂಟು: ಪ್ರತಿ ಆಯುಧಪೂಜೆಗೂ ಹಚ್ಚಿದ ಅರಿಶಿನ ಕುಂಕುಮ ಎಣ್ಣೆಯೊಂದಿಗೆ ಸೇರಿ ಆ ಅಂಕಿಗಳಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಮೇಲೆ ಸೀಮೆಸುಣ್ಣ ಸವರಿದರೆ ಓದಲು ಬರುತ್ತದೆ. ಉಪ್ಪುಕಾಗದವನ್ನು ದಯವಿಟ್ಟು ಮುಟ್ಟಬೇಡಿ.

ನಳಿಗೆಯ ಇಸವಿ ರೈಫಲ್ಲಿನದಕ್ಕಿಂತ ಒಂದು ವರ್ಷ ಹಿಂದಿದ್ದರೆ ನಾನು ಏನನ್ನೂ ತೀರ್ಮಾನಿಸುವುದಿಲ್ಲ, ಏಕೆಂದರೆ ಕಾರ್ಖಾನೆಯಲ್ಲಿ ನಳಿಗೆಗಳು ಮೊದಲೇ ತಯಾರಾಗಿ ಕಾದಿರುತ್ತಿದ್ದವು. ನಳಿಗೆ ಹಲವು ವರ್ಷ ಕಿರಿಯದಾಗಿದ್ದರೆ ಅದು ಬದಲಿ ನಳಿಗೆಯೇ. ಇಸವಿ ಒಂದೇ ಇದ್ದು ಎರಡು ಕಡೆಯ ನಂಬರಿನ ಅಂಕಿಗಳ ಅಚ್ಚು ಬೇರೆ ಬೇರೆಯಾಗಿ ಕಂಡರೆ, ದಾಸ್ತಾನಿನಲ್ಲಿ ಉಳಿದಿದ್ದ ನಳಿಗೆಯನ್ನು ತಡವಾಗಿ ಹಾಕಿರುವ ಸಾಧ್ಯತೆ ಇದೆ ಎಂದಷ್ಟೇ ಬರೆದುಕೊಡುತ್ತೇನೆ. ಎಫ್‌ಟಿಆರ್ (ಫ್ಯಾಕ್ಟರಿ ಥರೋ ರಿಪೇರ್) ಎಂಬ ಅಕ್ಷರಗಳಿದ್ದರೆ ರೈಫಲ್ ಕಾರ್ಖಾನೆಯಲ್ಲಿ ಸಮಗ್ರ ದುರಸ್ತಿ ಕಂಡಿದೆ ಎಂದರ್ಥ.

ಮಂಡ್ಯ ಕಡೆಯ ಯುವಕರೊಬ್ಬರು ತಂದ ರೈಫಲ್, ಅವರ ಮನೆಯವರ ಪ್ರಕಾರ, 1918ರ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಜೊತೆ ಹೈಫಾ ಕದನದಲ್ಲಿತ್ತು (ಹೈಫಾ ಈಗ ಇಸ್ರೇಲಿನಲ್ಲಿದೆ). ಸಾಕೆಟ್ಟಿನಲ್ಲಿ 1917, ನಳಿಗೆಯಲ್ಲಿ 42. ನಂಬರ್ ಮಾತ್ರ ಅಚ್ಚುಕಟ್ಟಾಗಿ ಹೊಂದಿತ್ತು. “ಹಾಗಾದರೆ ಇದು ನಕಲಿಯಾ ಸಾರ್?” ಎಂದಾಗ ಅವರ ಮುಖ ನೋಡಿ ನನಗೇ ಬೇಸರವಾಯಿತು. ನಕಲಿ ಅಲ್ಲ. ಗುಂಡಿನೊಳಗಿನ ಮದ್ದಾದ ಕಾರ್ಡೈಟಿನ ಬಿಸಿಗೆ ನಳಿಗೆಯ ಗಂಟಲು ಕೊರೆದುಹೋಗುತ್ತಿತ್ತು, ಮದ್ದಿಗೆ ಕಿಡಿ ಹೊತ್ತಿಸುವ ಹಳೆಯ ಕ್ಯಾಪುಗಳು ಬಿಟ್ಟ ಉಪ್ಪಿಗೆ ತೇವ ತಾಗಿ ತುಕ್ಕು ಹಿಡಿಯುತ್ತಿತ್ತು, ಒರೆಸಲು ಎಳೆಯುವ ಹಗ್ಗವೇ ಮೂತಿಯನ್ನು ಸವೆಸುತ್ತಿತ್ತು. ದುಡಿದ ರೈಫಲ್ಲಿಗೆ ಹೊಸ ನಳಿಗೆ ಬರುವುದು ಸಹಜ. ರಿಸೀವರ್ ಹೈಫಾಕ್ಕೆ ಹೋಗಿತ್ತೋ ಇಲ್ಲವೋ ಎಂಬುದಕ್ಕೆ ಕಾಗದಪತ್ರ ಬೇಕು, ಅದನ್ನು ಲೋಹ ಹೇಳುವುದಿಲ್ಲ ಎಂದೆ. ಅವರು ಒಪ್ಪಿದರು, ಜೊತೆಗೆ ಬಂದಿದ್ದ ಅವರ ಚಿಕ್ಕಪ್ಪ ಒಪ್ಪಲಿಲ್ಲ.

ಬೆಲೆಯ ಆಸೆಗೆ ಇಸವಿಯನ್ನು ಉಜ್ಜಿ ತೆಗೆಯಲು, ನಂಬರನ್ನು ಹೊಸದಾಗಿ ಒತ್ತಲು ಕೇಳುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ಗುರುತುಗಳನ್ನು ಅಳಿಸುವುದೂ ತಿದ್ದುವುದೂ ಅಪರಾಧ. ಈ ರೈಫಲ್ಲಿನ ಬೋರ್ (ನಳಿಗೆಯ ಒಳ ಅಳತೆ) .303 ಇಂಚು, ಅದು ನಿಷೇಧಿತ ಬೋರ್; ಅದರ ವಿಚಾರದಲ್ಲಂತೂ ಪರವಾನಗಿಯಲ್ಲಿ ಬರೆದ ನಂಬರಿಗೂ ಲೋಹದ ಮೇಲಿರುವುದಕ್ಕೂ ವ್ಯತ್ಯಾಸ ಕಂಡರೆ ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೇ ತಿಳಿಸಿ.

ನಳಿಗೆಯ ಇಸವಿಗಿಂತ ನನ್ನನ್ನು ಕಾಡುವುದು ಬೋಲ್ಟಿನ, ಎಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗದ, ನಂಬರ್. ಅದರ ಹಿಡಿಯ ಬುಡದ ಹಿಂಭಾಗದಲ್ಲಿರುವ ನಂಬರ್ ರಿಸೀವರಿನದಕ್ಕೆ ಹೊಂದದಿದ್ದರೆ, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖಕ್ಕೂ ನಳಿಗೆಯಲ್ಲಿ ಗುಂಡು ನಿಲ್ಲುವ ಜಾಗಕ್ಕೂ ಇರುವ ಅಂತರ) ಅಳೆಯದೆ ಗುಂಡು ತುಂಬಲೇಬೇಡಿ. ಬೋಲ್ಟ್ .064 ಇಂಚಿನ ಗೇಜಿನ ಮೇಲೆ ಮುಚ್ಚಬೇಕು, .074ರ ಮೇಲೆ ಮುಚ್ಚಬಾರದು. ನಂಬರ್ ಹೊಂದಿದರೂ ಅಳೆಸಿ.