ಸರಳೆ ವರಸೆಯಲ್ಲೇ ಆಸಕ್ತಿ ಹೋಯ್ತು, ಏನು ಮಾಡೋದು?

ಪ್ರಶ್ನೆ: ಮಗಳು ತಾನೇ ಹಟ ಮಾಡಿ ಕರ್ನಾಟಕ ಸಂಗೀತದ ಕ್ಲಾಸಿಗೆ ಸೇರಿದಳು. ಈಗ ಸ್ವರಗಳ ಮೊದಲ ಪಾಠ ಸರಳೆ ವರಸೆಯ ಅಭ್ಯಾಸಕ್ಕೆ ಕೂರು ಅಂದರೆ ಮುಖ ಊದಿಸುತ್ತಾಳೆ. ದಿನಾ ಕೂತರೆ ಏನಾದರೂ ಕೊಡಿಸ್ತೀನಿ ಅಂತ ಆಸೆ ತೋರಿಸಬಹುದಾ?

ದಯವಿಟ್ಟು ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ದರು, 1973ರಲ್ಲಿ ಪ್ರಕಟವಾಯಿತು. ಸ್ಕೆಚ್ ಪೆನ್ನಲ್ಲಿ ಚಿತ್ರ ಬಿಡಿಸೋದು ಮೊದಲೇ ಇಷ್ಟವಿದ್ದ ಮಕ್ಕಳು. ಅವರಲ್ಲಿ ಕೆಲವರಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮುಂಚೆಯೇ ಹೇಳಿದರು. ಸ್ವಲ್ಪ ದಿನ ಬಿಟ್ಟು ನೋಡಿದರೆ ಆ ಮಕ್ಕಳೇ ಪೆನ್ನು ಹಿಡಿಯೋದು ಕಡಿಮೆ ಮಾಡಿದ್ದರು! ಮುಂಚೆ ಏನೂ ಹೇಳದೆ ಕೊನೆಗೆ ಕೊಟ್ಟವರಲ್ಲಿ ಹಾಗಾಗಲಿಲ್ಲ.

ಮತ್ತೆ ಮಗು ಯಾವ ಆಸೆಗೆ ಕೂರುತ್ತೆ? ನನ್ನ ಪ್ರಕಾರ, ನಿನ್ನೆ ಬಾರದ್ದು ಇವತ್ತು ಬಂತು ಅಂತ ಅದರ ಕಿವಿಗೇ ಗೊತ್ತಾಗಬೇಕು, ನಾವು 'ಚೆನ್ನಾಗಿದೆ ಪುಟ್ಟಿ' ಅನ್ನೋದರಿಂದ ಅಲ್ಲ.

ಸರಳೆ ವರಸೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ನಾವು ನಂಬಿರುವ ಈ ಪಾಠ ಮಾಯಾಮಾಳವಗೌಳ ರಾಗದಲ್ಲಿದೆ. ಸ ಮತ್ತು ರಿ ತೀರಾ ಹತ್ತಿರ, ರಿಯಿಂದ ಗಕ್ಕೆ ದೊಡ್ಡ ಹೆಜ್ಜೆ, ಗ ಮತ್ತು ಮ ಮತ್ತೆ ಹತ್ತಿರ. ಪದನಿಸ ಹಾಡಿಸಿ ನೋಡಿ, ಸರಿಗಮದ ನಡಿಗೆಯೇ ಪದಿಂದ ಮೇಲೆ ಇನ್ನೊಮ್ಮೆ ಬರುತ್ತೆ. ಇದನ್ನು ಹೇಳಿಕೊಡಬೇಡಿ. ಶ್ರುತಿ ಪೆಟ್ಟಿಗೆ ಹಾಕಿ ಎರಡನ್ನೂ ನಿಧಾನವಾಗಿ ಹಾಡಿಸಿ, 'ಏನಾದ್ರೂ ಒಂದೇ ಥರ ಕೇಳ್ತಾ?' ಅಂತ ಕೇಳಿ, ಅಷ್ಟೇ. ಮುಂದೆ ಮಲಹರಿ ರಾಗದ ಪಿಳ್ಳಾರಿ ಗೀತೆ, ಅಂದರೆ ಮಕ್ಕಳಿಗೆ ಮೊದಮೊದಲು ಕಲಿಸುವ ಹಾಡು, ಬಂದಾಗ, ಸ್ವರ ಹತ್ತುವಾಗ ಇಲ್ಲದ ಗ ಇಳಿಯುವಾಗ ಎಲ್ಲಿಂದ ಬಂತು ಅಂತ ಅವಳೇ ಕೇಳಬಹುದು. ಆ ಪ್ರಶ್ನೆ ಅವಳ ಬಾಯಿಂದ ಬಂತು ಅಂದರೆ ನಿಮ್ಮ ಅರ್ಧ ಚಿಂತೆ ಮುಗಿಯಿತು.

ಮನೆಯಲ್ಲಿ ಎಲ್ಲ ವರಸೆ ಒಂದೇ ಸಲ ಒಪ್ಪಿಸೋದು ಸುಮ್ನೆ ಆಯಾಸ. ಮೂರನೇ ಕಾಲದಲ್ಲಿ, ಅಂದರೆ ಅತಿ ವೇಗದಲ್ಲಿ ಹಾಡುವಾಗ, ತಾಳ ತಪ್ಪುವ ಒಂದೇ ಸಾಲು ಹಿಡಿಯಲಿ, ಯಾವ ಸಾಲು ಅನ್ನೋದನ್ನ ಅವಳೇ ಆರಿಸಲಿ. ಇದು ಸಣ್ಣ ವಿಷಯ ಅಲ್ಲ, ತಾನೇ ಆರಿಸಿದ್ದಕ್ಕೆ ಮಕ್ಕಳು ಹೆಚ್ಚು ಹೊತ್ತು ಕೂರುತ್ತಾರೆ. ಫೋನಲ್ಲಿ ರೆಕಾರ್ಡ್ ಮಾಡಿಟ್ಟು ವಾರದ ನಂತರ ಅವಳಿಗೇ ಕೇಳಿಸಿ, ನೀವು ಏನೂ ಹೇಳಬೇಡಿ. ಜೊತೆಗೆ ಹಾಡೋಕೆ ಕ್ಲಾಸಿನ ಗೆಳತಿಯೊಬ್ಬಳು ಮನೆಗೆ ಬಂದರಂತೂ ಇನ್ನೂ ಒಳ್ಳೆಯದು.

ಸಂಗೀತದ ಜೂನಿಯರ್ ಪರೀಕ್ಷೆಯ ಮಾತು ಈಗಲೇ ಎತ್ತಬೇಡಿ. ಕಟ್ತೀನಿ ಅಂತ ಅವಳೇ ಹೇಳಿದ ದಿನ ಮೇಷ್ಟ್ರ ಹತ್ತಿರ ಮಾತಾಡಿದರಾಯ್ತು.