ಕೋಡೆಕ್: ಎಂಪಿ4 ಅನ್ನೋದು ಅದರ ಹೆಸರಲ್ಲ

"ನನ್ನ ಕ್ಯಾಮೆರಾದ್ದು ಎಂಪಿ4 ಕೋಡೆಕ್. 4ಕೆ ಎಡಿಟಿಂಗ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಎಡಿಟರ್‌ಗಳು ಸೇರುವ ಕಡೆಯೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರಗಳೂ ಅಷ್ಟೇ ಬೇಗ ಬರುತ್ತವೆ. ಈ ಕಾರ್ಡ್ ತಗೊಳ್ಳಿ, ರ‍್ಯಾಮ್ 64 ಜಿಬಿ ಮಾಡಿಸಿ, ಎಲ್ಲಾ ಬಿಟ್ಟು ಮ್ಯಾಕ್‌ಗೆ ಬನ್ನಿ. ಆ ಎಂಪಿ4 ಒಳಗೆ ಏನಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದು ಗೊತ್ತಿಲ್ಲದೆ ಸಲಹೆ ಕೊಡಲು ಬರುವುದೇ ಇಲ್ಲ, ಯಾಕೆಂದರೆ ಎಂಪಿ4 ಎಂಬ ಕೋಡೆಕ್ ಎಲ್ಲೂ ಇಲ್ಲ.

ಎಂಪಿ4, ಎಂಒವಿ, ಎಂಎಕ್ಸ್‌ಎಫ್, ಎಂಕೆವಿ ಇವೆಲ್ಲ ಕಂಟೇನರ್‌ಗಳು. ಬರೀ ಡಬ್ಬಿ. ಚಿತ್ರ, ಧ್ವನಿ, ಟೈಮ್‌ಕೋಡ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿಡುವುದಷ್ಟೇ ಅವುಗಳ ಕೆಲಸ. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿದ್ದಾರೆ ಅನ್ನುವುದು ಕೋಡೆಕ್. ಒಂದೇ ಎಂಒವಿ ಒಳಗೆ ಪ್ರೋರೆಸ್ ಎಂಬ ಕೋಡೆಕ್ ಇರಬಹುದು, ಎಚ್.264 ಎಂಬ ಇನ್ನೊಂದು ಕೋಡೆಕ್ ಇರಬಹುದು. ಮೊದಲನೆಯದು ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡೀತು, ಎರಡನೆಯದು ದುಬಾರಿ ಕಂಪ್ಯೂಟರನ್ನೂ ತಿಣುಕಿಸೀತು. ಹೊರಗಿನಿಂದ ನೋಡಿದರೆ ಎರಡಕ್ಕೂ ಒಂದೇ ಐಕಾನ್. ಫೈಲಿನ ಬಾಲ ಬದಲಿಸಿ ಎಂಒವಿಯನ್ನು ಎಂಪಿ4 ಅಂತ ಮಾಡಿದರೆ ಒಳಗಿನ ಚಿತ್ರದ ಒಂದು ಬಿಟ್ಟೂ ಬದಲಾಗುವುದಿಲ್ಲ.

ಈಗ ಪದದ ವಿಷಯಕ್ಕೆ ಬರೋಣ. ಖರೀದಿಯ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಕೋಡರ್ ಪದದ 'ಕೋ', ಡಿಕೋಡರ್ ಪದದ 'ಡೆಕ್', ಎರಡೂ ಸೇರಿ ಕೋಡೆಕ್. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಸೇರಿ ಮೋಡೆಮ್ ಆದ ಹಾಗೆ. ದೂರವಾಣಿ ಜಾಲಗಳಲ್ಲಿ ಮಾತನ್ನು ಅಂಕಿಗಳಾಗಿ ಮಾಡಿ ಕಳಿಸುವ, ಬಂದ ಅಂಕಿಗಳನ್ನು ಮತ್ತೆ ಮಾತಾಗಿಸುವ ಉಪಕರಣಕ್ಕೆ ಈ ಹೆಸರಿತ್ತು. ಎರಡೂ ಕೆಲಸ ಒಂದೇ ಪೆಟ್ಟಿಗೆಯಲ್ಲಿ ನಡೆಯುತ್ತಿದ್ದುದರಿಂದ ಒಂದೇ ಹೆಸರು ಸಾಕಾಗಿತ್ತು. ವಿಡಿಯೊ ಕೆಲಸದಲ್ಲಿ ಇವೆರಡೂ ಬೇರೆ ಬೇರೆ ಕಡೆ, ಬೇರೆ ಬೇರೆ ಹೊತ್ತಿಗೆ ನಡೆಯುತ್ತವೆ. ಶೂಟಿಂಗ್ ವೇಳೆ ಕ್ಯಾಮೆರಾ ಮಾಡುವುದು ಕೋ, ಅಂದರೆ ಚಿತ್ರವನ್ನು ಕುಗ್ಗಿಸಿ ಬರೆಯುವುದು. ನೀವು ಟೈಮ್‌ಲೈನ್‌ನಲ್ಲಿ ಕ್ಲಿಪ್ ಎಳೆದಾಗ, ಪ್ಲೇ ಒತ್ತಿದಾಗ, ಒಂದೊಂದೇ ಫ್ರೇಮ್ ಸರಿಸಿದಾಗ ಕಂಪ್ಯೂಟರ್ ಮಾಡುವುದು ಡೆಕ್, ಅಂದರೆ ಕುಗ್ಗಿಸಿದ್ದನ್ನು ಬಿಚ್ಚಿ ತೋರಿಸುವುದು. ಕೊನೆಯಲ್ಲಿ ಎಕ್ಸ್‌ಪೋರ್ಟ್ ಹಾಕಿದಾಗ ಮತ್ತೆ ಕೋ.

ಅಂದರೆ ಎಡಿಟರ್‌ನ ದಿನವೆಲ್ಲ ಪದದ ಎರಡನೇ ಅರ್ಧದಲ್ಲೇ ಕಳೆಯುತ್ತದೆ. ಆದರೆ ಕಂಪ್ಯೂಟರ್ ಕೊಳ್ಳುವಾಗ ಜನ ನೋಡುವುದು ಮೊದಲ ಅರ್ಧವನ್ನು. "ಹತ್ತು ನಿಮಿಷದ ವಿಡಿಯೊ ಎಷ್ಟು ಹೊತ್ತಿನಲ್ಲಿ ಎಕ್ಸ್‌ಪೋರ್ಟ್ ಆಗುತ್ತೆ" ಅನ್ನುವುದೇ ಎಲ್ಲ ವಿಮರ್ಶೆಗಳ ಅಳತೆಗೋಲು. ರಾತ್ರಿ ಎಕ್ಸ್‌ಪೋರ್ಟ್ ಹಾಕಿ ಮಲಗಬಹುದು. ಟೈಮ್‌ಲೈನ್ ತಡವರಿಸಿದರೆ ಅದರ ಎದುರೇ ಕೂತಿರಬೇಕು, ಅಲ್ವಾ? ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್ವಿಡಿಯಾ ತನ್ನ ಚಿಪ್‌ನೊಳಗೆ ಈ ಎರಡು ಕೆಲಸ ಮಾಡುವ ಭಾಗಗಳಿಗೆ ಎರಡು ಹೆಸರಿಟ್ಟಿದೆ: ಕೋ ಮಾಡುವುದು ಎನ್‌ವಿಎನ್‌ಕ್, ಡೆಕ್ ಮಾಡುವುದು ಎನ್‌ವಿಡೆಕ್. ನಿಮಗೆ ದಿನವಿಡೀ ಬೇಕಾಗಿರುವುದು ಎರಡನೆಯದು.

ಇನ್ನೊಂದು ಗಟ್ಟಿ ನಂಬಿಕೆ ಇದೆ: ಫೈಲ್ ಚಿಕ್ಕದಾದರೆ ಕಂಪ್ಯೂಟರ್‌ಗೆ ಹಗುರ. ನಿಜ ಇದಕ್ಕೆ ಉಲ್ಟಾ. 2003ರಲ್ಲಿ ಬಂದ ಎಚ್.264 ಮತ್ತು 2013ರ ಎಚ್.265 ಸಾಮಾನ್ಯವಾಗಿ ಫೈಲನ್ನು ಅಷ್ಟು ಕುಗ್ಗಿಸುವುದೇ ಎಲ್ಲ ಫ್ರೇಮ್‌ಗಳನ್ನೂ ಪೂರ್ತಿಯಾಗಿ ಇಡದೆ. ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಂದು ಪೂರ್ತಿ ಫ್ರೇಮ್, ಅದರ ಹೆಸರು ಐ-ಫ್ರೇಮ್. ನಡುವೆ ಇರುವವು ಹಿಂದಿನ ಫ್ರೇಮಿಗಿಂತ ಏನು ಬದಲಾಯಿತು ಅನ್ನುವ ಲೆಕ್ಕ ಮಾತ್ರ. ಬಿ-ಫ್ರೇಮ್‌ಗಳಂತೂ ಮುಂದಿನದನ್ನೂ ನೋಡಿಕೊಂಡು ಲೆಕ್ಕ ಇಡುತ್ತವೆ. ಇದಕ್ಕೆ ಲಾಂಗ್ ಗಾಪ್ ಅಂತ ಹೆಸರು (ಗಾಪ್ ಅಂದರೆ 'ಗ್ರೂಪ್ ಆಫ್ ಪಿಕ್ಚರ್ಸ್', ಫ್ರೇಮ್‌ಗಳ ಗುಂಪು). ಮುಂದಕ್ಕೆ ನೋಡುತ್ತಾ ಹೋಗುವವರಿಗೆ ಇದು ಒಳ್ಳೆಯ ಏರ್ಪಾಡು. ಎಡಿಟರ್ ಹಾಗೆ ನೋಡುವುದಿಲ್ಲ.

ಬೇಕಿದ್ದರೆ ಈಗಲೇ ಪರೀಕ್ಷೆ ಮಾಡಿ. ಲಾಂಗ್ ಗಾಪ್ ಇರುವ ಒಂದು ಎಚ್.265 ಕ್ಲಿಪ್ ಹಾಕಿ ಕೀಬೋರ್ಡಿನ ಎಲ್ ಕೀ ಒತ್ತಿ, ಮುಂದಕ್ಕೆ ಚೆನ್ನಾಗೇ ಓಡುತ್ತದೆ. ಈಗ ಜೆ ಒತ್ತಿ. ಹಿಂದಕ್ಕೆ ಓಡಿಸಲು ಕಂಪ್ಯೂಟರ್ ಹಿಂದಿನ ಐ-ಫ್ರೇಮ್‌ಗೆ ಹೋಗಬೇಕು, ಅಲ್ಲಿಂದ ಮುಂದಕ್ಕೆ ಒಂದೊಂದೇ ಫ್ರೇಮ್ ಬಿಡಿಸುತ್ತಾ (ಡಿಕೋಡ್ ಮಾಡುತ್ತಾ) ಬರಬೇಕು, ಬಿಡಿಸಿದ್ದನ್ನೆಲ್ಲ ಇಟ್ಟುಕೊಂಡು ತಿರುಗಿಸಿ ತೋರಿಸಬೇಕು. ಚಿತ್ರ ನಿಂತು ನಿಂತು ಬರುತ್ತದೆ. ಅದೇ ಟೈಮ್‌ಲೈನ್‌ನಲ್ಲಿ ಪ್ರೋರೆಸ್ ಕ್ಲಿಪ್ ಹಾಕಿ ಜೆ ಒತ್ತಿದರೆ ನೀರಿನಂತೆ ಹಿಂದೆ ಸರಿಯುತ್ತದೆ. ಪ್ರೋರೆಸ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಫ್ರೇಮೇ. ಆಪಲ್ 2007ರಲ್ಲಿ ಅದನ್ನು ತಂದದ್ದೇ ಎಡಿಟಿಂಗ್‌ಗಾಗಿ. ಆವಿಡ್‌ನ ಡಿಎನ್‌ಎಕ್ಸ್‌ಎಚ್‌ಡಿ ಕೂಡ ಅದೇ ಜಾತಿ.

ದುಡ್ಡು ಹೆಚ್ಚು ಪೋಲಾಗುವುದು 4:2:2 ಅನ್ನುವ ಮೂರು ಅಂಕಿಗಳಲ್ಲಿ. ಬೆಳಕಿನ ವಿವರಕ್ಕೆ ಹೋಲಿಸಿದರೆ ಬಣ್ಣದ ವಿವರ 4:2:0ರಲ್ಲಿ ಕಾಲು ಭಾಗ, 4:2:2ರಲ್ಲಿ ಅರ್ಧ ಭಾಗ ಉಳಿಯುತ್ತದೆ. ಕಲರ್ ಗ್ರೇಡಿಂಗ್‌ಗೆ, ಗ್ರೀನ್ ಸ್ಕ್ರೀನ್‌ಗೆ 4:2:2 ಒಳ್ಳೆಯದು, ಹಾಗಾಗಿ ಎಲ್ಲರೂ ಕ್ಯಾಮೆರಾದಲ್ಲಿ ಅದನ್ನೇ ಇಟ್ಟುಕೊಳ್ಳುತ್ತಾರೆ. ಆದರೆ ಫೋನ್, ಟಿವಿ, ಸ್ಟ್ರೀಮಿಂಗ್ ಎಲ್ಲ ನಡೆಯುವುದು 4:2:0ರಲ್ಲಿ. ಗ್ರಾಫಿಕ್ಸ್ ಕಾರ್ಡ್‌ಗಳ ಡಿಕೋಡರ್‌ಗಳು ಹುಟ್ಟಿದ್ದೂ ಆ ಮಾರುಕಟ್ಟೆಗೆ. ಎನ್ವಿಡಿಯಾ ಕಾರ್ಡ್‌ಗಳ ಡಿಕೋಡರ್‌ಗೆ 4:2:2 ಬಿಡಿಸಲು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಅದಕ್ಕೂ ಹಿಂದಿನ ಆರ್‌ಟಿಎಕ್ಸ್ 4090ಗೂ ಅದು ಬರುವುದಿಲ್ಲ. ಅಷ್ಟು ದೊಡ್ಡ ಕಾರ್ಡ್ ಸುಮ್ನೆ ಕೂತಿರುತ್ತದೆ, ಫ್ರೇಮ್ ಬಿಡಿಸುವ ಹೊರೆಯೆಲ್ಲ ಪ್ರೊಸೆಸರ್ ತಲೆಗೆ ಬೀಳುತ್ತದೆ.

ಇತ್ತ ಇಂಟೆಲ್‌ನ 11ನೇ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಇರುವ ಪುಟ್ಟ ಒಳ ಗ್ರಾಫಿಕ್ಸ್ ಎಚ್.265 4:2:2 10 ಬಿಟ್ ಚಿತ್ರವನ್ನು ತಾನೇ ಬಿಡಿಸುತ್ತದೆ. ಕ್ವಿಕ್ ಸಿಂಕ್ ಅನ್ನುವುದು ಅದಕ್ಕೇ. ಆಪಲ್‌ನ ಎಂ1ರಿಂದ ಮುಂದಿನ ಚಿಪ್‌ಗಳಿಗೂ ಇದು ಬರುತ್ತದೆ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್ ಸ್ವಲ್ಪ ಅಗ್ಗ ಅಂತ ಅದನ್ನೇ ಹಾಕಿಸುವವರಿದ್ದಾರೆ. ಎಫ್ ಅಂದರೆ ಒಳ ಗ್ರಾಫಿಕ್ಸ್ ಇಲ್ಲ ಅಂತ. ಅದರೊಂದಿಗೆ ಕ್ವಿಕ್ ಸಿಂಕ್ ಕೂಡ ಇಲ್ಲ. ಗೇಮ್ ಆಡುವವರಿಗೆ ಆ ಉಳಿತಾಯ ಸರಿ, ಎಡಿಟರ್‌ಗೆ ಶುದ್ಧ ನಷ್ಟ.

ಕೆಲವೊಮ್ಮೆ ಏನನ್ನೂ ಕೊಳ್ಳಬೇಕಿಲ್ಲ, ಕ್ಯಾಮೆರಾ ಮೆನು ತೆರೆದರೆ ಸಾಕು. ಸೋನಿಯಲ್ಲಿ ಎಕ್ಸ್‌ಎವಿಸಿ ಎಸ್, ಎಕ್ಸ್‌ಎವಿಸಿ ಎಚ್‌ಎಸ್, ಎಕ್ಸ್‌ಎವಿಸಿ ಎಸ್-ಐ ಅಂತ ಮೂರು ಆಯ್ಕೆ ಇರುತ್ತವೆ. ಮೊದಲನೆಯದು ಎಚ್.264, ಲಾಂಗ್ ಗಾಪ್. ಎರಡನೆಯದು ಎಚ್.265, ಅದೂ ಲಾಂಗ್ ಗಾಪ್. ಮೂರನೆಯದು ಎಚ್.264, ಆದರೆ ಪ್ರತಿ ಫ್ರೇಮೂ ಪೂರ್ತಿ. ಆ 11ನೇ ಪೀಳಿಗೆಯ ಇಂಟೆಲ್ ಗ್ರಾಫಿಕ್ಸ್ ಎಚ್.265 4:2:2 ಬಿಡಿಸುತ್ತದೆ, ಎಚ್.264 4:2:2 ಬಿಡಿಸುವುದಿಲ್ಲ. ಅದೇ ಕ್ಯಾಮೆರಾ, ಅದೇ ಕಂಪ್ಯೂಟರ್, ಮೆನುವಿನಲ್ಲಿ ಒಂದು ಸಾಲು ಬದಲಾದರೆ ಟೈಮ್‌ಲೈನ್ ನಡತೆಯೇ ಬದಲಾಗುತ್ತದೆ. ಅದಕ್ಕೇ "ಎಂಪಿ4 ಕೋಡೆಕ್" ಅಂತ ಕೇಳಿದರೆ ಇಷ್ಟು ಸಿಟ್ಟು ಬರುವುದು.

ಹಾಗಾದರೆ ಎಲ್ಲವನ್ನೂ ಪ್ರೋರೆಸ್‌ಗೆ ಬದಲಿಸಿಬಿಡೋಣ ಅಂದರೆ ತೊಂದರೆ ಜಾಗ ಬದಲಿಸುತ್ತದೆ. ಆಪಲ್ ಕೊಡುವ ಲೆಕ್ಕದಲ್ಲಿ 4ಕೆ ಯುಎಚ್‌ಡಿ, ಸೆಕೆಂಡಿಗೆ 30 ಫ್ರೇಮ್ ಇರುವ ಪ್ರೋರೆಸ್ 422 ಎಚ್‌ಕ್ಯು ಸೆಕೆಂಡಿಗೆ ಸುಮಾರು 707 ಮೆಗಾಬಿಟ್ ತಿನ್ನುತ್ತದೆ. ಅಂದರೆ ಸೆಕೆಂಡಿಗೆ 88 ಮೆಗಾಬೈಟ್, ಗಂಟೆಗೆ 318 ಗಿಗಾಬೈಟ್. ಒಂದು ಕ್ಲಿಪ್ ಆದರೆ ತಿರುಗುವ ಹಾರ್ಡ್ ಡಿಸ್ಕ್ ಕೂಡ ತಾಳಿಕೊಳ್ಳುತ್ತದೆ. ನಾಲ್ಕು ಕ್ಯಾಮೆರಾದ ಮಲ್ಟಿಕ್ಯಾಮ್ ಹಾಕಿದರೆ ಸೆಕೆಂಡಿಗೆ 350 ಮೆಗಾಬೈಟ್ ದಾಟುತ್ತದೆ, ಅಲ್ಲಿಗೆ ಎಸ್‌ಎಸ್‌ಡಿ ಬೇಕೇ ಬೇಕು. ಇಲ್ಲಿ ಡಿಸ್ಕ್‌ಗೆ ಹಾಕಿದ ದುಡ್ಡು ಸಾರ್ಥಕ. ಅದೇ 100 ಮೆಗಾಬಿಟ್‌ನ ಎಚ್.264 ಕ್ಲಿಪ್ ಸೆಕೆಂಡಿಗೆ ಕೇಳುವುದು 12.5 ಮೆಗಾಬೈಟ್ ಅಷ್ಟೇ. ಅದು ತಡವರಿಸುತ್ತಿದೆ ಅಂತ ಇನ್ನೂ ವೇಗದ ಎಸ್‌ಎಸ್‌ಡಿಯಾದ ಎನ್‌ವಿಎಂಇ ಡ್ರೈವ್ ಕೊಂಡರೆ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ರಾ ಚಿತ್ರಗಳ, ಅಂದರೆ ಕ್ಯಾಮೆರಾ ಸೆನ್ಸರ್ ಕಂಡದ್ದನ್ನು ಹೆಚ್ಚು ಸಂಸ್ಕರಿಸದೆ ಇಟ್ಟ ಫೈಲುಗಳ ಕಥೆ ಬೇರೆ. ರೆಡ್, ಬ್ಲ್ಯಾಕ್‌ಮ್ಯಾಜಿಕ್ ರಾ ಫೈಲುಗಳನ್ನು ಬಿಡಿಸುವ ಕೆಲಸದಲ್ಲಿ ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಶಕ್ತಿಯೇ ಬಳಕೆಯಾಗುತ್ತದೆ. ಅಲ್ಲಿ ದೊಡ್ಡ ಕಾರ್ಡ್ ನಿಜಕ್ಕೂ ದುಡಿಯುತ್ತದೆ.

ಒಳಗೆ ಏನಿದೆ ಅಂತ ತಿಳಿಯಲು ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರ ಮೇಲೆ ಎಳೆದು ಬಿಡಿ. ಮೇಲಿನ ಜನರಲ್ ವಿಭಾಗದಲ್ಲಿ ಕಾಣುವ ಫಾರ್ಮ್ಯಾಟ್ ಡಬ್ಬಿಯದ್ದು, ಅಲ್ಲೇ ನಿಲ್ಲಬೇಡಿ. ಕೆಳಗೆ ವಿಡಿಯೊ ವಿಭಾಗದಲ್ಲಿ ಎವಿಸಿ ಅಂತಿದ್ದರೆ ಎಚ್.264, ಎಚ್‌ಇವಿಸಿ ಅಂತಿದ್ದರೆ ಎಚ್.265. ಅದರ ಕೆಳಗೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಆ 4:2:0, 4:2:2 ಅಂಕಿಗಳು), ಬಿಟ್ ಡೆಪ್ತ್ (8 ಬಿಟ್ಟೋ 10 ಬಿಟ್ಟೋ) ಸಾಲುಗಳು. ಆಮೇಲೆ ಕ್ಲಿಪ್ ಓಡಿಸುತ್ತಾ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಅನ್ನುವ ಗ್ರಾಫ್ ನೋಡಿ. ಅದು ಸೊನ್ನೆಯಲ್ಲಿ ಮಲಗಿದ್ದು ಪ್ರೊಸೆಸರ್ ಉಸಿರುಗಟ್ಟಿ ಓಡುತ್ತಿದ್ದರೆ ಹಾರ್ಡ್‌ವೇರ್ ಡಿಕೋಡ್ ಆಗುತ್ತಿಲ್ಲ ಅಂತ ಅರ್ಥ.

ಆಗಲೂ ಮೊದಲು ಸಾಫ್ಟ್‌ವೇರ್ ಸೆಟ್ಟಿಂಗ್ ನೋಡಿ, ಆಮೇಲೆ ಆವೃತ್ತಿ ನೋಡಿ. ಚಿಪ್‌ಗೆ ಬಂದರೂ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಕರೆಯದಿದ್ದರೆ ಏನೂ ಆಗುವುದಿಲ್ಲ. ಹಳೆಯ ಆವೃತ್ತಿಯಲ್ಲೇ ಉಳಿದವರಿಗೆ ಹೊಸ ಕಾರ್ಡಿನ 4:2:2 ಡಿಕೋಡರ್ ಇದ್ದೂ ಇಲ್ಲದ ಹಾಗೆ.

ಮಷೀನ್ ಬದಲಿಸುವ ಸ್ಥಿತಿ ಇಲ್ಲದಿದ್ದರೆ ಪ್ರಾಕ್ಸಿ ಇದೆ. ಮೂಲ ಫೈಲಿನ ಬದಲು ಪ್ರೋರೆಸ್ ಪ್ರಾಕ್ಸಿಯಂಥ ಹಗುರ ಕೋಡೆಕ್‌ನ ನಕಲಿನ ಮೇಲೆ ಎಡಿಟ್ ಮಾಡಿ, ಎಕ್ಸ್‌ಪೋರ್ಟ್ ಹೊತ್ತಿಗೆ ಮೂಲಕ್ಕೆ ಮರಳುವುದು. ಇದನ್ನು ಬಡವರ ದಾರಿ ಅಂತ ತಾತ್ಸಾರ ಮಾಡುವುದು ತಪ್ಪು, ದೊಡ್ಡ ಸಿನಿಮಾಗಳ ಎಡಿಟಿಂಗ್ ಕೋಣೆಗಳಲ್ಲೂ ನಕಲಿನ ಮೇಲೆ ಕತ್ತರಿಸುವುದೇ ರೂಢಿ. ಪ್ರಾಕ್ಸಿ ಹಾಕಿದ ಮೇಲೂ ಟೈಮ್‌ಲೈನ್ ನಿಂತರೆ ಕೋಡೆಕ್ ಮೇಲೆ ತಪ್ಪು ಹೊರಿಸುವಂತಿಲ್ಲ. ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ತೆಗೆಯುವುದು), ಭಾರೀ ಎಫೆಕ್ಟ್‌ಗಳು ಕಾರಣ ಆಗಿರುತ್ತವೆ. ಟೆಂಪೊರಲ್ ನಾಯ್ಸ್ ರಿಡಕ್ಷನ್ ಅಕ್ಕಪಕ್ಕದ ಹಲವು ಫ್ರೇಮ್‌ಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಂಡು ಲೆಕ್ಕ ಹಾಕುತ್ತದೆ, ಹಾಗಾಗಿ ಅಲ್ಲಿ ಕಾರ್ಡಿನ ವೇಗದ ಜೊತೆಗೆ ಅದರ ವಿಆರ್‌ಎಎಂ (ಕಾರ್ಡಿನದ್ದೇ ಮೆಮೊರಿ) ಎಷ್ಟು ಅನ್ನುವುದನ್ನೂ ನೋಡಿ ತಗೊಳ್ಳಬೇಕು.