ಅವಳಿ ಬಸಿರು ಮತ್ತು ಪ್ರಸವಪೂರ್ವ ಸ್ಟೀರಾಯ್ಡ್

ದಿನ ತುಂಬುವ ಮೊದಲೇ ಹೆರಿಗೆ ಆಗುವ ಲಕ್ಷಣ ಕಂಡಾಗ, ಹೊಟ್ಟೆಯಲ್ಲಿರುವ ಕೂಸಿನ ಶ್ವಾಸಕೋಶ ಬೇಗ ಬಲಿಯಲೆಂದು ತಾಯಿಗೆ ಕೊಡುವ ಇಂಜೆಕ್ಷನ್ನೇ ಪ್ರಸವಪೂರ್ವ ಸ್ಟೀರಾಯ್ಡ್. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೊಡುವುದು ಡೆಕ್ಸಾಮೆಥಾಸೋನ್. ಮಾಸು ದಾಟಿ ಕೂಸನ್ನು ಸೇರುವ ಈ ಔಷಧ, ಗಾಳಿಗೂಡುಗಳು ಮುದುಡಿ ಅಂಟಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಲೇಪವನ್ನು ಬೇಗ ಹುಟ್ಟಿಸುತ್ತದೆ. ಮಿದುಳಿನೊಳಗಿನ ರಕ್ತಸ್ರಾವವೂ ಸಾವೂ ತಗ್ಗುತ್ತವೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಇದರ ಮೊದಲ ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದು 1972ರಲ್ಲಿ.

ಎರಡು ಕೂಸಿದ್ದರೆ ಎರಡು ಪಟ್ಟು ಔಷಧ ಬೇಕೆ? ಬೇಡ. ಅಳತೆ ಅದೇ: 12 ತಾಸಿಗೊಮ್ಮೆ 6 ಮಿ.ಗ್ರಾಂ., ಸ್ನಾಯುವಿಗೆ, ಒಟ್ಟು 4 ಸಲ. ಸಾಮಾನ್ಯವಾಗಿ ಸಿಗುವ 2 ಮಿ.ಲೀ. ಬಾಟಲಿಯಲ್ಲಿ 8 ಮಿ.ಗ್ರಾಂ. ಇರುತ್ತದೆ, ಸಿರಿಂಜಿಗೆ ಎಳೆಯಬೇಕಾದದ್ದು 1.5 ಮಿ.ಲೀ. ಮಾತ್ರ. ಗಡಿಬಿಡಿಯಲ್ಲಿ ಪೂರ್ತಿ ಬಾಟಲಿ ಒಳಗೆ ಹೋಗುವುದು ಇಲ್ಲಿಯೇ. ಅಧ್ಯಯನಗಳಲ್ಲಿದ್ದ ತಾಯಂದಿರಲ್ಲಿ ಬಹುಪಾಲು ಒಂದೇ ಕೂಸು ಹೊತ್ತವರು, ಆದ್ದರಿಂದ ಅವಳಿಗಳಿಗೆ ಎಷ್ಟು ಲಾಭ ಎಂಬ ಲೆಕ್ಕ ಅಷ್ಟು ಗಟ್ಟಿಯಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆ 24ರಿಂದ 34 ವಾರದೊಳಗೆ ಅವಳಿಗಳಿಗೂ ಕೊಡಿ ಎನ್ನುತ್ತದೆ.

ಕಷ್ಟವಿರುವುದು ಹೊತ್ತು ಗುರುತಿಸುವುದರಲ್ಲಿ. ಮೊದಲ ಸೂಜಿಯಾಗಿ ಒಂದು ದಿನ ಕಳೆದ ಮೇಲೆ, 7 ದಿನದೊಳಗೆ ಹೆರಿಗೆಯಾದರೆ ಪೂರ್ತಿ ಫಲ. ‘ಹೆಂಗೂ ಅವಳಿ ಐತಿ, ಮೊದ್ಲೇ ಮಾಡಿಬಿಡ್ರಿ’ ಎಂದು 28ನೇ ವಾರಕ್ಕೇ ಮಾಡಿಸಿಕೊಂಡು 33ಕ್ಕೆ ಹೆತ್ತರೆ ಆ ಫಲ ಕರಗಿರುತ್ತದೆ. ಮತ್ತೆ ಮತ್ತೆ ಕೊಟ್ಟರೆ ಹುಟ್ಟುವ ತೂಕ ಇಳಿಯುತ್ತದೆ. ಮೊದಲೇ ಸಣ್ಣಗಿರುವ ಅವಳಿಗಳಿಗೆ ಅದು ದೊಡ್ಡ ನಷ್ಟ. ಹೊಟ್ಟೆಯ ಗಾತ್ರ ನೋಡಿ ವಾರ ಎಣಿಸಲೂಬಾರದು. 28 ವಾರದ ಅವಳಿ ಹೊಟ್ಟೆ 34 ವಾರದಂತೆ ಕಂಡು, ಬೇಕಾದ ಸೂಜಿಯೇ ತಪ್ಪಬಹುದು. ತಾಯಿ ಕಾರ್ಡಿನಲ್ಲಿರುವ ಕೊನೆಯ ಮುಟ್ಟಿನ ದಿನ, ಮೊದಲ ಮೂರು ತಿಂಗಳ ಸ್ಕ್ಯಾನ್, ಇವೆರಡನ್ನೇ ನಂಬಬೇಕು.

ದೇವದುರ್ಗ ಅಥವಾ ಲಿಂಗಸುಗೂರಿನಿಂದ ರಾಯಚೂರಿನ ದೊಡ್ಡ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಕಳಿಸುವಾಗ ಮೊದಲ ಸೂಜಿ ಕೊಟ್ಟೇ 108 ಹತ್ತಿಸಬೇಕು. 2014ರ ಕೇಂದ್ರ ಮಾರ್ಗಸೂಚಿ ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂ ಅವರಿಗೂ ಅದಕ್ಕೆ ಅನುಮತಿ ಕೊಟ್ಟಿದೆ. ಕೊಟ್ಟ ಗಂಟೆ ಚೀಟಿಯಲ್ಲಿರಲಿ, ಇಲ್ಲದಿದ್ದರೆ ಅಲ್ಲಿ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಜ್ವರವಿದ್ದು ನೆತ್ತಿನೀರು (ಕೂಸಿನ ಸುತ್ತಲಿನ ನೀರು) ನಾರುತ್ತಿದ್ದರೆ ಸೋಂಕಿನ ಗುರುತು, ಸೂಜಿ ಬೇಡ. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ. ಹೆರಿಗೆ ಮುಂದೂಡಲು ಕೊಡುವ ಔಷಧ, ಸಲೈನ್ ಜೊತೆಗಿದ್ದರೆ ಅವಳಿ ತಾಯಿಯ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಹೆಚ್ಚು. ಏದುಸಿರು ಬಂದರೆ ತಡಮಾಡಬಾರದು.

ಸೂಜಿಯ ನಂತರ ಎರಡು-ಮೂರು ದಿನ ಕೂಸುಗಳ ಮಿಸುಕಾಟ ಕಡಿಮೆಯಾಗಬಹುದು. ಅದಕ್ಕೇ ಎಂದು ಸುಮ್ಮನಾಗದೆ ಎರಡೂ ಎದೆಬಡಿತವನ್ನು ಬೇರೆ ಬೇರೆ ಜಾಗದಲ್ಲಿ ಕೇಳಬೇಕು. ಎರಡೂ ಕಡೆ ಒಂದೇ ಎಣಿಕೆ ಬಂದರೆ, ಒಂದೇ ಕೂಸನ್ನು ಎರಡು ಸಲ ಎಣಿಸಿರಬಹುದು.